ಗಿರಾಕಿಯೇ ಮೋಸ ಮಾಡಿದರೆ?

‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕವನ್ನು ಊರಿನ ಚಿಕ್ಕ ಅಂಗಡಿಗಳಲ್ಲಿ ನೀವು ನೋಡಿರಬಹುದು. ಮಕ್ಕಳಿಗೆ ಇದು ತಮಾಷೆ: ನಾಳೆ ಹೋದರೂ ಫಲಕ ಅದನ್ನೇ ಹೇಳುತ್ತದಲ್ಲ! ಆದರೆ ಈ ತಮಾಷೆಯ ಹಿಂದೆ ಅಂಗಡಿಯವರ ಹಳೆಯ ಭಯವೊಂದು ಅಡಗಿದೆ. ಸಾಮಾನು ಕೈಬಿಟ್ಟ ಮೇಲೆ ಹಣ ಬಾರದಿದ್ದರೆ ಏನು ಗತಿ?

ವ್ಯಾಪಾರದಲ್ಲಿ ಮೋಸ ಎಂದರೆ ನಮಗೆ ಮೊದಲು ನೆನಪಾಗುವುದು ಕಲಬೆರಕೆ ಮಾಡುವ, ತೂಕದಲ್ಲಿ ವಂಚಿಸುವ ಅಂಗಡಿಯವನು. ಕೊಳ್ಳುವವನ ಮೋಸವೂ ಅಷ್ಟೇ ಹಳೆಯದು. ಇಂದು ನಮ್ಮಲ್ಲಿ ಎಷ್ಟೋ ಮನೆಯವರು ಮಕ್ಕಳಿಗೆ ಚಿಕ್ಕದಾದ ಕೋಟು, ಸೈಕಲ್ಲು, ಹಳೆಯ ಫೋನುಗಳನ್ನು ಈಬೇ, ವಿಂಟೆಡ್, ಗಮ್‌ಟ್ರೀಗಳಲ್ಲಿ ಮಾರುತ್ತೇವೆ. ಅಷ್ಟರ ಮಟ್ಟಿಗೆ ನಾವೂ ವ್ಯಾಪಾರಿಗಳೇ. ಹಾಗಾಗಿ ಲಂಡನ್ನಿನ ವ್ಯಾಪಾರಿಗಳು ಈ ಭಯವನ್ನು ಹೇಗೆ ಎದುರಿಸಿದರು ಎಂಬ ಕಥೆ ನಮಗೂ ಬೇಕಾದದ್ದೇ.

ಉದ್ರಿಯ ನಗರ

18ನೇ ಶತಮಾನದ ಲಂಡನ್ ಬಹುಮಟ್ಟಿಗೆ ಉದ್ರಿಯ ಮೇಲೆ ನಡೆಯುತ್ತಿತ್ತು. ಅನುಕೂಲಸ್ಥರು ದರ್ಜಿ, ಬಟ್ಟೆ ವ್ಯಾಪಾರಿ, ದಿನಸಿಯವರಿಂದ ಸಾಮಾನು ತರಿಸಿಕೊಂಡು ತಿಂಗಳುಗಟ್ಟಲೆ ಕಳೆದ ಮೇಲೆ ಲೆಕ್ಕ ತೀರಿಸುತ್ತಿದ್ದರು. ಒಳ್ಳೆಯ ಉಡುಪು, ದೊಡ್ಡ ಹೆಸರು, ಸುಳ್ಳು ವಿಳಾಸ ಇಷ್ಟಿದ್ದರೆ ಮೋಸಗಾರನ ಕೆಲಸ ಸುಲಭವಾಗುತ್ತಿತ್ತು.

1757ರಲ್ಲಿ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಸುಳ್ಳು ಹೇಳಿ, ವಂಚಿಸುವ ಉದ್ದೇಶದಿಂದ ಸರಕು ಪಡೆಯುವುದು ಅಪರಾಧವಾಯಿತು. ದಂಡ, ಸೆರೆಮನೆ, ಚಾಟಿಯೇಟು, ಏಳು ವರ್ಷದವರೆಗೆ ಗಡೀಪಾರು ಇವೆಲ್ಲ ಅದರ ಶಿಕ್ಷೆಗಳು. ಆದರೆ ಕಳ್ಳನಿಗೆ ಚಾಟಿಯೇಟು ಬಿದ್ದ ಮಾತ್ರಕ್ಕೆ ಅಂಗಡಿಯವನ ಬಟ್ಟೆ ಹಿಂದಕ್ಕೆ ಬರುವುದಿಲ್ಲವಲ್ಲ.

ಹಾಗಾಗಿ ವ್ಯಾಪಾರಿಗಳೇ ಒಂದಾದರು. ವಂಚಕರಿಂದ ವ್ಯಾಪಾರವನ್ನು ಕಾಪಾಡುವುದಕ್ಕೆಂದೇ 1776ರಲ್ಲಿ ಲಂಡನ್ನಿನಲ್ಲಿ ‘ಸೊಸೈಟಿ ಆಫ್ ಗಾರ್ಡಿಯನ್ಸ್’ ಎಂಬ ಸಂಘ ಹುಟ್ಟಿತು. ಒಬ್ಬನಿಗೆ ಮೋಸವಾದರೆ ಸುದ್ದಿ ಉಳಿದ ಸದಸ್ಯರಿಗೆ ತಲುಪಬೇಕು, ಅದೇ ಮೋಸಗಾರ ಮುಂದಿನ ಅಂಗಡಿಗೆ ಬರುವ ಮೊದಲೇ ಅವರು ಎಚ್ಚರವಾಗಬೇಕು ಎಂಬುದು ಅದರ ಉಪಾಯ. ಪುಸ್ತಕ ವ್ಯಾಪಾರಿ ಜೇಮ್ಸ್ ಲ್ಯಾಕಿಂಗ್ಟನ್ ಇನ್ನೊಂದು ದಾರಿ ಹಿಡಿದ. 1780ರಲ್ಲಿ ಅವನು ಯಾರಿಗೂ ಉದ್ರಿ ಕೊಡುವುದನ್ನೇ ನಿಲ್ಲಿಸಿದ. ಬಾಕಿ ಮುಳುಗುವ ಭಯವಿಲ್ಲದ್ದರಿಂದ ಕಡಿಮೆ ಬೆಲೆಗೆ ಮಾರಲು ಸಾಧ್ಯವಾಯಿತು. ಮುಂದೆ ಫಿನ್ಸ್‌ಬರಿ ಸ್ಕ್ವೇರ್‌ನ ಅವನ ದೊಡ್ಡ ಅಂಗಡಿ ಲಂಡನ್ನಿಗೆಲ್ಲ ಹೆಸರಾಯಿತು. ನಮ್ಮೂರಿನ ಫಲಕದ ಬುದ್ಧಿವಂತಿಕೆಯೇ ಇದು.

ಹೆಸರು ಕದ್ದವರು

ಮೋಸದ ಬೇರು ಹೆಚ್ಚಾಗಿ ಹೆಸರಿನಲ್ಲಿರುತ್ತದೆ. ಲಂಡನ್ನಿನ ಚೀಪ್‌ಸೈಡ್ ಬಳಿಯ ವುಡ್ ಸ್ಟ್ರೀಟ್‌ನಲ್ಲಿ ‘ಬ್ಲೆಂಕಿರನ್’ ಎಂಬ ಮರ್ಯಾದಸ್ಥ ಸಂಸ್ಥೆಯಿತ್ತು. 1873ರಲ್ಲಿ ಬ್ಲೆಂಕಾರ್ನ್ ಎಂಬಾತ ಅದೇ ಬೀದಿಯಲ್ಲಿ ಕೋಣೆ ಬಾಡಿಗೆಗೆ ಹಿಡಿದು, ಬೆಲ್‌ಫಾಸ್ಟಿನ ಲಿಂಡ್ಸೇ ಕಂಪನಿಗೆ ಕಾಗದ ಬರೆದು ಸರಕು ತರಿಸಿದ. ರುಜುವನ್ನು ‘ಬ್ಲೆಂಕಿರನ್’ ಎಂದೇ ಓದುವಂತೆ ಗೀಚಿದ್ದ. ಬಂದ ಸರಕಿನಲ್ಲಿ 250 ಡಜನ್ ಕರವಸ್ತ್ರಗಳನ್ನು ಕಂಡೀ ಎಂಬ ವ್ಯಾಪಾರಿಗಳಿಗೆ ಮಾರಿದ. ಲಿಂಡ್ಸೇಯವರಿಗೆ ಹಣ ಬರಲೇ ಇಲ್ಲ.

ಮಕ್ಕಳೇ, ಇಲ್ಲಿ ಸ್ವಲ್ಪ ಯೋಚಿಸಿ. ಲಿಂಡ್ಸೇಯವರದು ತಪ್ಪಿಲ್ಲ. ಏನೂ ತಿಳಿಯದೆ ಕೊಂಡ ಕಂಡೀಯವರದೂ ತಪ್ಪಿಲ್ಲ. ಆದರೆ ನಷ್ಟ ಇಬ್ಬರಲ್ಲಿ ಒಬ್ಬರ ತಲೆಯ ಮೇಲೆ ಬೀಳಲೇಬೇಕು. ಯಾರ ಮೇಲೆ?

1878ರಲ್ಲಿ ಹೌಸ್ ಆಫ್ ಲಾರ್ಡ್ಸ್ ಮಾರಿದವರ ಪರ ತೀರ್ಪು ಕೊಟ್ಟಿತು. ಲಿಂಡ್ಸೇಯವರು ಮಾರಲು ಒಪ್ಪಿದ್ದು ಬ್ಲೆಂಕಿರನ್‌ಗೆ; ಬ್ಲೆಂಕಾರ್ನ್‌ನೊಡನೆ ವ್ಯಾಪಾರ ನಡೆದೇ ಇಲ್ಲ; ಆದ್ದರಿಂದ ಸರಕು ಇನ್ನೂ ಲಿಂಡ್ಸೇಯವರದೇ ಎಂದಿತು.

ಆದರೆ ಎದುರಿಗೇ ನಿಂತು ಮೋಸ ಮಾಡಿದರೆ? 1918ರ ಏಪ್ರಿಲ್ 15ರಂದು ಆಕ್ಸ್‌ಫರ್ಡ್ ಸ್ಟ್ರೀಟ್‌ನ ಫಿಲಿಪ್ಸ್ ಎಂಬುವರ ಆಭರಣದ ಅಂಗಡಿಗೆ ಒಬ್ಬ ಬಂದ. ಮುತ್ತುಗಳನ್ನೂ 450 ಪೌಂಡಿನ ಉಂಗುರವನ್ನೂ ಆರಿಸಿ 3,000 ಪೌಂಡಿಗೆ ಚೆಕ್ ಬರೆದ. ತಾನು ಸರ್ ಜಾರ್ಜ್ ಬುಲೋ ಎಂದು ಹೇಳಿ ವಿಳಾಸವನ್ನೂ ಕೊಟ್ಟ. ಅಂಗಡಿಯವರು ವಿಳಾಸದ ಪುಸ್ತಕ ತೆಗೆದು ನೋಡಿದರು. ಆ ಹೆಸರು ಆ ವಿಳಾಸದಲ್ಲೇ ಇತ್ತು. ಮುತ್ತು ಆಮೇಲೆ ಸಾಕು, ನಾಳೆ ಹೆಂಡತಿಯ ಹುಟ್ಟುಹಬ್ಬ, ಉಂಗುರ ಮಾತ್ರ ಈಗ ಬೇಕು ಎಂದು ಹೇಳಿ ಅವನು ಉಂಗುರ ಒಯ್ದ. ಚೆಕ್ ಸುಳ್ಳಾಗಿತ್ತು. ಉಂಗುರ 350 ಪೌಂಡಿಗೆ ಗಿರವಿ ಅಂಗಡಿ ಸೇರಿತು. ಈ ಸಲ ಮಾರಿದವರು ಸೋತರು. ಕಣ್ಣೆದುರಿನ ವ್ಯಕ್ತಿಗೇ ಮಾರಿದ್ದೀರಿ, ಉಂಗುರದ ಒಡೆತನ ಅವನಿಗೆ ಹೋಗಿಯಾಯಿತು ಎಂದಿತು 1919ರ ತೀರ್ಪು.

ವಿಳಾಸದ ಪುಸ್ತಕ ಹೇಳಿದ್ದು ನಿಜವೇ. ಆದರೆ ಅಂಥ ಹೆಸರಿನವರೊಬ್ಬರು ಇದ್ದಾರೆ ಎಂದಷ್ಟೇ ಅದು ಹೇಳಬಲ್ಲದು. ಎದುರಿಗೆ ನಿಂತವನು ಅವರೇ ಎಂದು ಹೇಳಲಾರದು.

ಅಂಚೆಯವರ ಉಪಾಯ

ದೂರದ ವ್ಯಾಪಾರಕ್ಕೆ ಒಂದು ಒಳ್ಳೆಯ ದಾರಿ ತೋರಿದ್ದು ಅಂಚೆ ಇಲಾಖೆ. ಭಾರತದಲ್ಲಿ 1877ರಲ್ಲೇ ವಿ.ಪಿ.ಪಿ. ಶುರುವಾಯಿತು. ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, ವಿ.ಪಿ.ಪಿ.ಯಲ್ಲಿ ಕನ್ನಡ ಪುಸ್ತಕ ತರಿಸಿಕೊಂಡದ್ದು ಅವರಿಗೆ ನೆನಪಿರಬಹುದು. ಪೋಸ್ಟ್‌ಮ್ಯಾನ್ ಹಣ ಪಡೆದ ಮೇಲೆಯೇ ಕಟ್ಟನ್ನು ಕೈಗೆ ಕೊಡುತ್ತಿದ್ದ. ಆ ಹಣ ಅಂಚೆಯ ಮೂಲಕ ಮಾರಿದವರಿಗೆ ತಲುಪುತ್ತಿತ್ತು. ಕೊಳ್ಳುವವರು ಬೇಡವೆಂದರೆ ಕಟ್ಟು ವಾಪಸು ಹೋಗುತ್ತಿತ್ತು. ಅಂಚೆ ವೆಚ್ಚ ವ್ಯರ್ಥವಾದರೂ ಸರಕು ಉಳಿಯುತ್ತಿತ್ತು. ಇಂಗ್ಲೆಂಡಿನಲ್ಲಿ ದೇಶದೊಳಗಿನ ಅಂಚೆಗೆ ಇಂಥ ಸೌಲಭ್ಯ ಬಂದದ್ದು 1926ರಲ್ಲಿ. ಇಬ್ಬರೂ ನಂಬುವ ಮೂರನೆಯವರೊಬ್ಬರು ನಡುವೆ ನಿಲ್ಲುವುದು ಇದರ ಗುಟ್ಟು. ಇಂದು ಆನ್‌ಲೈನ್ ಮಾರುಕಟ್ಟೆಗಳು ಹಣವನ್ನು ತಮ್ಮ ಬಳಿ ಹಿಡಿದಿಟ್ಟುಕೊಂಡು, ಸರಕು ತಲುಪಿದ ಮೇಲೆ ಬಿಡುಗಡೆ ಮಾಡುವಾಗಲೂ ಕೆಲಸ ಮಾಡುವುದು ಇದೇ ಗುಟ್ಟು.

ಒಂದು ದಿನದ ಬೆಲೆ

1960ರ ಜನವರಿ 12ರಂದು ಕಾಲ್ಡ್‌ವೆಲ್ ಎಂಬುವರು ಚೆಕ್ ಪಡೆದು ತಮ್ಮ ಜಾಗ್ವಾರ್ ಕಾರು ಮಾರಿದರು. ಮರುದಿನವೇ ಚೆಕ್ ಸುಳ್ಳೆಂದು ತಿಳಿಯಿತು. ಅವರು ಅಂದೇ ಪೊಲೀಸರಿಗೂ ಆಟೊಮೊಬೈಲ್ ಅಸೋಸಿಯೇಷನ್‌ಗೂ ತಿಳಿಸಿದರು. ಜನವರಿ 15ರಂದು ಮೋಸಗಾರ ಕಾರನ್ನು ಮಾರಿದ; ಕೈಯಿಂದ ಕೈಗೆ ಹೋಗಿ ಅದು ಏನೂ ತಿಳಿಯದ ಹಣಕಾಸು ಕಂಪನಿಯೊಂದನ್ನು ಸೇರಿತು. ಆದರೂ ನ್ಯಾಯಾಲಯ ಕಾಲ್ಡ್‌ವೆಲ್ ಪರ ನಿಂತಿತು. ತಡಮಾಡದೆ ದೂರು ಕೊಟ್ಟಾಗಲೇ ಅವರು ಮಾರಾಟವನ್ನು ರದ್ದು ಮಾಡಿದಂತಾಯಿತು ಎಂದಿತು.

1969ರಲ್ಲಿ ಬ್ರಿಸ್ಟಲ್ ಬಳಿಯ ವಿದ್ಯಾರ್ಥಿಯೊಬ್ಬನಿಗೆ ಆ ಅದೃಷ್ಟವಿರಲಿಲ್ಲ. ಟೀವಿಯಲ್ಲಿ ರಾಬಿನ್ ಹುಡ್ ಪಾತ್ರ ಮಾಡಿದ್ದ ನಟ ರಿಚರ್ಡ್ ಗ್ರೀನ್ ತಾನೇ ಎಂದು ಒಬ್ಬ ನಂಬಿಸಿದ. ಪೈನ್‌ವುಡ್ ಸ್ಟುಡಿಯೋದ ಪಾಸನ್ನೂ ತೋರಿಸಿ, 450 ಪೌಂಡಿನ ಸುಳ್ಳು ಚೆಕ್ ಕೊಟ್ಟು ಕಾರು ಒಯ್ದ. ಚೆಕ್ಕಿನ ಬಣ್ಣ ಬಯಲಾಗುವಷ್ಟರಲ್ಲಿ ಕಾರು 200 ಪೌಂಡಿಗೆ ಲಂಡನ್ನಿನ ಸಂಗೀತ ವಿದ್ಯಾರ್ಥಿಯೊಬ್ಬನ ಕೈಸೇರಿತ್ತು. ಕಾರು ಅವನಲ್ಲೇ ಉಳಿಯಿತು.

ನಮ್ಮ ಕಾಲಕ್ಕೆ

2006ರ ವಂಚನೆ ಕಾಯ್ದೆಯ ಪ್ರಕಾರ ಸುಳ್ಳು ಹೇಳಿ ಲಾಭ ಮಾಡಿಕೊಳ್ಳುವವನಿಗೆ ಹತ್ತು ವರ್ಷದವರೆಗೆ ಸೆರೆಮನೆ ಆಗಬಹುದು. ಆದರೂ ಮೋಸ ವೇಷ ಬದಲಿಸುತ್ತದೆ. ಪೆಟ್ಟಿಗೆ ತಲುಪಿದರೂ ತಲುಪಿಲ್ಲ ಎನ್ನುವುದು, ಹೊಸ ಫೋನು ಇಟ್ಟುಕೊಂಡು ಕೆಟ್ಟದ್ದನ್ನು ವಾಪಸು ಕಳಿಸುವುದು, ಹಣ ಬಂದಿದೆ ಎಂಬ ಸುಳ್ಳು ಸಂದೇಶ ತೋರಿಸುವುದು, ಹೀಗೆ.

1776ರ ಸಂಘದಂತೆ ಕೆಟ್ಟ ಗಿರಾಕಿಗಳ ಹೆಸರನ್ನು ಸಾರಿಬಿಟ್ಟರಾಯಿತೇ? ಅದೂ ಅಷ್ಟು ಸರಳವಲ್ಲ. ಈಬೇಯಲ್ಲಿ ಮಾರುವವರೂ ಕೊಳ್ಳುವವರ ಬಗ್ಗೆ ಕೆಟ್ಟ ಅಭಿಪ್ರಾಯ ಬರೆಯಬಹುದಿತ್ತು. 2008ರಲ್ಲಿ ಅದನ್ನು ನಿಲ್ಲಿಸಿದರು. ನಿಜವಾದ ದೂರು ಹೇಳಿದ ಗಿರಾಕಿಯ ಮೇಲೆ ಕೆಲವರು ಸೇಡು ತೀರಿಸಿಕೊಳ್ಳುತ್ತಿದ್ದದ್ದು ಅದಕ್ಕೆ ಕಾರಣ. ಪಟ್ಟಿ ಬರೆಯುವವನೂ ಪ್ರಾಮಾಣಿಕನಾಗಿರಬೇಕು.

ಕಾನೂನು ಕಳ್ಳನನ್ನು ಹಿಡಿದರೂ ಹೋದ ಹಣ ತಂದುಕೊಡುತ್ತದೆ ಎಂಬ ಖಾತರಿಯಿಲ್ಲ. ಆದ್ದರಿಂದ ಮಾರುವವರ ರಕ್ಷಣೆ ಹೆಚ್ಚಾಗಿ ಸರಕು ಕೈಬಿಡುವ ಮುಂಚಿನ ಗಳಿಗೆಯಲ್ಲಿದೆ. ಸಂದೇಶವನ್ನು ನಂಬದೆ, ನಮ್ಮ ಬ್ಯಾಂಕ್ ಖಾತೆಯಲ್ಲೇ ಹಣ ನೋಡಬೇಕು. ವಸ್ತುವಿನ ಸೀರಿಯಲ್ ಸಂಖ್ಯೆ ಕಾಣುವಂತೆ ಫೋಟೋ ತೆಗೆದಿಡಬೇಕು. ಟ್ರ್ಯಾಕಿಂಗ್ ಇರುವ ಅಂಚೆಯಲ್ಲೇ ಕಳಿಸಿ ರಸೀದಿ ಉಳಿಸಿಕೊಳ್ಳಬೇಕು. ‘ಹುಟ್ಟುಹಬ್ಬ ನಾಳೆಯೇ’ ಎಂದು ಯಾರಾದರೂ ಆತುರಪಡಿಸಿದರೆ ಆಕ್ಸ್‌ಫರ್ಡ್ ಸ್ಟ್ರೀಟ್‌ನ ಉಂಗುರ ನೆನಪಾಗಬೇಕು.

ಇಷ್ಟಾದರೂ ಮೋಸ ಹೋದರೆ? ದೊಡ್ಡವರಾಗಲಿ ಮಕ್ಕಳಾಗಲಿ ನಾಚಿಕೆಯಿಂದ ಮುಚ್ಚಿಡಬಾರದು. ಅಂದೇ ಮನೆಯಲ್ಲಿ ಹೇಳಿ, ಬ್ಯಾಂಕಿಗೆ, ಮಾರುಕಟ್ಟೆಯವರಿಗೆ, ಪೊಲೀಸರಿಗೆ ತಿಳಿಸಬೇಕು. ಕಾಲ್ಡ್‌ವೆಲ್ ಅವರ ಕಾರನ್ನು ಉಳಿಸಿದ್ದು ಅವರು ಅದೇ ದಿನ ಕೊಟ್ಟ ದೂರು.