ಮಿಸ್ಸಿಂಗ್ ಹೊಡೆಯೋ ಕಾರು, ದೊಡ್ಡಪ್ಪನ ಕಿವಿ

ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ನ್ಯಾಮತಿಯಲ್ಲಿ ಅತ್ತೆ ಮನೆ ಊಟ ಮುಗಿಸಿ ಹೊನ್ನಾಳಿ ದಾರಿ ಹಿಡಿದಿದ್ವಿ. ಸ್ವಲ್ಪ ದೂರ ಬರೋದ್ರೊಳಗೆ ಕಾರು ನಡುಗೋಕೆ ಶುರುವಾಯ್ತು. ಆಕ್ಸಿಲರೇಟರ್ ಒತ್ತಿದರೂ ಎಳೆಯೋದಿಲ್ಲ. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿದೆ. ಹಿಂದಿನ ಸೀಟಲ್ಲಿ ಅರೆನಿದ್ದೆಯಲ್ಲಿದ್ದ ದೊಡ್ಡಪ್ಪ ಕಣ್ಣು ಬಿಡದೇ ಹೇಳಿದ್ರು: "ಮಿಸ್ಸಿಂಗ್ ಹೊಡಿತೈತಲ್ಲೋ ತಮ್ಮಾ. ಒಂದು ಸಿಲಿಂಡರ್ ಮಲಗೈತೆ. ನಿಧಾನಕ್ಕೆ ಹೋಗು."

ಚನ್ನಗಿರಿ ಹತ್ತಿರದ ನಮ್ಮೂರು ಸೇರಿ, ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಬೆಂಕಿಪೊಟ್ಟಣದಷ್ಟಿರೋ ಸ್ಕ್ಯಾನರ್ ಸಿಕ್ಕಿಸಿ ಫೋನ್ ನೋಡಿದೆ. 'ಪಿ0302' ಅಂತ ಬಂತು. ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ದೊಡ್ಡಪ್ಪ ನಕ್ಕರು. "ಇದನ್ನ ಹೇಳೋಕೆ ಫೋನ್ ಬೇಕಾಯ್ತಾ?"

ಮಿಸ್ಸಿಂಗ್ ಅಂದರೆ ಇಷ್ಟೇ. ಪೆಟ್ರೋಲ್ ಎಂಜಿನ್ನಿಗೆ ಮೂರು ಬೇಕು: ಹದವಾಗಿ ಬೆರೆತ ಗಾಳಿ-ಪೆಟ್ರೋಲು, ಅದನ್ನು ಒತ್ತೋ ಕಂಪ್ರೆಷನ್ನು, ಸರಿಯಾದ ಹೊತ್ತಿಗೆ ಕಿಡಿ. ಯಾವುದು ತಪ್ಪಿದರೂ ಆ ಸಿಲಿಂಡರ್ ಕೆಲಸ ಮಾಡಲ್ಲ, ಉಳಿದವು ಅದನ್ನು ಹೊತ್ತುಕೊಂಡು ಏದುಸಿರು ಬಿಡ್ತವೆ.

ಈ ಕಾಯಿಲೆಗೆ ಕಾರಿನಷ್ಟೇ ವಯಸ್ಸು, ಮನೆಮದ್ದಿಗೂ ಅಷ್ಟೇ. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಸುಮಾರು 100 ಕಿಲೋಮೀಟರ್ ಕಾರು ಓಡಿಸಿದಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಕಿಡಿಯ ವೈರು ಸವೆದಾಗ ಕಾಲುಚೀಲದ ಪಟ್ಟಿ ಸುತ್ತಿದಳು. ಜಗತ್ತಿನ ಮೊದಲ ದೂರದ ಕಾರು ಪ್ರಯಾಣದಲ್ಲೇ ರಿಪೇರಿ ಮಾಡಿದ್ದು ಓಡಿಸುತ್ತಿದ್ದವಳೇ.

ಮುಂದೆ 1902ರಲ್ಲಿ ಬಾಷ್ ಕಂಪನಿ ಸ್ಪಾರ್ಕ್ ಪ್ಲಗ್ಗಿನ ಜೊತೆ ಹೈ ವೋಲ್ಟೇಜ್ ಮ್ಯಾಗ್ನೆಟೊ ತಂತು. 1910ರ ಹೊತ್ತಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್, ಪಾಯಿಂಟ್ ಇರೋ ವ್ಯವಸ್ಥೆ ರೂಪಿಸಿದ. ನಮ್ಮಲ್ಲಿ ಸರ್ ಎಂ. ವಿಶ್ವೇಶ್ವರಯ್ಯ 1930ರ ದಶಕದಲ್ಲೇ ಕಾರು ಕಾರ್ಖಾನೆಗೆ ಯೋಜನೆ ತಯಾರಿಸಿ ಓಡಾಡಿದ್ರು. ಬ್ರಿಟಿಷ್ ಸರ್ಕಾರ ಕೈ ಜೋಡಿಸಲಿಲ್ಲ. ಕೊನೆಗೆ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಬೊಂಬಾಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಶುರು ಮಾಡಿದ್ರು. ಆ ಕಂಪನಿಯ ಪದ್ಮಿನಿ ಇರಲಿ, ಹಿಂದೂಸ್ತಾನ್ ಮೋಟರ್ಸ್‌ನ ಅಂಬಾಸಿಡರ್ ಇರಲಿ, ಪೆಟ್ರೋಲ್ ಗಾಡಿಯಲ್ಲಿ ದಶಕಗಟ್ಟಲೆ ಇದ್ದಿದ್ದು ಕೆಟರಿಂಗ್‌ನ ಅದೇ ಪಾಯಿಂಟು, ಕಾಯಿಲ್ಲು.

ದೊಡ್ಡಪ್ಪ ಎಂಬತ್ತರ ದಶಕದಲ್ಲಿ ಬಾಡಿಗೆ ಕಾರು ಓಡಿಸ್ತಿದ್ರು. ಮದುವೆ ದಿಬ್ಬಣ, ಹೆರಿಗೆ, ಚುನಾವಣೆ, ಎಲ್ಲಕ್ಕೂ. ಆಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆ. ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗಿತ್ತು. ಜಗಳೂರು ಚಿತ್ರದುರ್ಗ ಜಿಲ್ಲೆ. ಇವೆಲ್ಲ ಒಂದೇ ಜಿಲ್ಲೆಗೆ ಬಂದಿದ್ದು 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ. ಜಗಳೂರಿನ ಬಯಲಲ್ಲಿ ರಾತ್ರಿ ಗಾಡಿ ನಿಂತರೆ ಕರೆಯೋಕೆ ಫೋನೂ ಇಲ್ಲ, ಮೇಸ್ತ್ರಿಯೂ ಇಲ್ಲ. ಬಸುರಿ ಹೆಂಗಸು ಗಾಡಿಯಲ್ಲಿ ನರಳ್ತಿದ್ದರೆ ಡ್ರೈವರ್ರೇ ಮೇಸ್ತ್ರಿ ಆಗಬೇಕಿತ್ತು.

ಅವರ ವಿಧಾನ ಸರಳ. ಎಂಜಿನ್ ಓಡ್ತಿರುವಾಗ ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಒಂದೊಂದೇ ಪ್ಲಗ್ಗಿನ ವೈರ್ ಕೀಳೋದು. ಒಳ್ಳೇ ಸಿಲಿಂಡರಿನ ವೈರ್ ಕಿತ್ತರೆ ಎಂಜಿನ್ ಸದ್ದು ಕುಗ್ಗುತ್ತೆ. ಯಾವುದನ್ನು ಕಿತ್ತರೂ ಸದ್ದು ಬದಲಾಗಲಿಲ್ಲವೋ ಅದೇ ಸತ್ತಿರೋದು. ಆಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡೋದು. ಕಾಫಿ ಬಣ್ಣ ಇದ್ದರೆ ಕ್ಷೇಮ, ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಎಣ್ಣೆ ಜಿಡ್ಡಿದ್ದರೆ ಎಂಜಿನ್ ಸವೆದಿದೆ. ಪಾಯಿಂಟ್ ಸುಟ್ಟಿದ್ದರೆ ಸ್ಯಾಂಡ್ ಪೇಪರ್ ಹಾಕಿ ತಿಕ್ಕೋದು. ಪ್ಲಗ್ಗಿನ ಗ್ಯಾಪ್ ಅಳೆಯೋಕೆ ಹ್ಯಾಕ್ಸಾ ಬ್ಲೇಡು, ಅದರ ದಪ್ಪ ಹೆಚ್ಚುಕಮ್ಮಿ 0.6 ಮಿಲಿಮೀಟರ್. (ಈಗಿನ ಕಾರಲ್ಲಿ ಓಡೋ ಎಂಜಿನ್ನಿನ ವೈರ್ ಕೀಳಬೇಡಿ. ಹತ್ತಾರು ಸಾವಿರ ವೋಲ್ಟ್ ಇರುತ್ತೆ.)

ಈ ವಿದ್ಯೆ ಮೂಲೆಗೆ ಸರಿದಿದ್ದು ಹೊಗೆಯ ಕಾರಣಕ್ಕೆ. 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯ್ತು. 2000ದಲ್ಲಿ ಸೀಸದ ಪೆಟ್ರೋಲ್ ದೇಶದಿಂದಲೇ ಹೋಯ್ತು. ಕಾರ್ಬ್ಯುರೇಟರ್ ಜಾಗಕ್ಕೆ ಇಂಜೆಕ್ಷನ್ ಬಂತು, ಪಾಯಿಂಟ್ ಜಾಗಕ್ಕೆ ಎಲೆಕ್ಟ್ರಾನಿಕ್ಸು. ಮಿಸ್ಸಿಂಗ್ ಆದಾಗ ಸುಡದ ಪೆಟ್ರೋಲು ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನೇ ಹಾಳು ಮಾಡುತ್ತೆ. ಹಾಗಾಗಿ ಮಿಸ್ಸಿಂಗ್ ಆದರೆ ಕಾರೇ ಹೇಳಬೇಕು ಅನ್ನೋ ನಿಯಮ ಮೊದಲು ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತು. 1996ರಿಂದ ಇಡೀ ಅಮೆರಿಕದ ಕಾರುಗಳಿಗೆ ಒಬಿಡಿ-2 ಬಂತು. ನಮ್ಮಲ್ಲಿ ಒಬಿಡಿಯ ಮೊದಲ ಹಂತ 2010ರಲ್ಲಿ, ಎರಡನೇದು 2013ರಲ್ಲಿ.

ಕಂಪ್ಯೂಟರಿಗೆ ಇದು ಗೊತ್ತಾಗೋದು ಹೇಗೆ? ಪ್ರತಿ ಸಿಲಿಂಡರ್ ಉರಿದಾಗ ಕ್ರ್ಯಾಂಕ್ ಒಂಚೂರು ಜೋರಾಗಿ ತಿರುಗುತ್ತೆ. ಒಂದು ಉರಿಯದಿದ್ದರೆ ಅಲ್ಲೊಂದು ತಡೆ. ಸೆನ್ಸರ್ ಅದನ್ನು ಎಣಿಸುತ್ತೆ. ದೊಡ್ಡಪ್ಪನ ಕಿವಿ ಹಿಂದಿನ ಸೀಟಲ್ಲಿ ಹಿಡಿದಿದ್ದೂ ಅದೇ ತಡೆಯನ್ನ.

ಆದರೆ ಕೋಡ್ ಹೇಳೋದು ಎಲ್ಲಿ ಅಂತ ಮಾತ್ರ, ಯಾಕೆ ಅಂತ ಅಲ್ಲ. ಸಾಫ್ಟ್‌ವೇರಿನಲ್ಲಿ ಎರರ್ ಲಾಗ್ ನೋಡೋ ನಮಗೆ ಇದು ದಿನದ ಅನುಭವ. ಫೋನ್ ಮಾಡಿದಾಗ ಒಂದು ಗ್ಯಾರೇಜಿನವರು ಕೋಡ್ ಕೇಳಿದ್ದೇ ತಡ "ನಾಲ್ಕೂ ಕಾಯಿಲ್ ಬದಲಾಯಿಸ್ಬೇಕು ಸಾರ್" ಅಂದ್ರು. ದೊಡ್ಡಪ್ಪ ಒಪ್ಪಲಿಲ್ಲ. "ಅದಲುಬದಲು ಮಾಡಿ ನೋಡೋ ಮೊದಲು."

ಎಂಜಿನ್ ಆರಿದ ಮೇಲೆ ಎರಡನೇ ಸಿಲಿಂಡರಿನ ಕಾಯಿಲ್ ಮೂರಕ್ಕೆ, ಮೂರನೇದು ಎರಡಕ್ಕೆ ಹಾಕಿದೆ. ಕೋಡ್ ಅಳಿಸಿ ಸ್ಟಾರ್ಟ್ ಮಾಡಿದ್ವಿ. ಮತ್ತೆ ಪಿ0302. ಕಾಯಿಲ್ಲಿನದು ತಪ್ಪಿಲ್ಲ. ಆಮೇಲೆ ಅದೇ ರೀತಿ ಪ್ಲಗ್ ಬದಲಾಯಿಸಿದೆ. ಈ ಸಲ ಪಿ0303! ಕಾಯಿಲೆ ಪ್ಲಗ್ಗಿನ ಜೊತೆಗೇ ಹೋಗಿತ್ತು. ದೊಡ್ಡಪ್ಪ ಪ್ಲಗ್ಗನ್ನ ಬಿಸಿಲಿಗೆ ಹಿಡಿದು ತಿರುಗಿಸಿ ತೋರಿಸಿದ್ರು. ಬಿಳೀ ಪಿಂಗಾಣಿ ಮೇಲೆ ಕೂದಲೆಳೆಯಂಥ ಬಿರುಕು, ಅದರಗುಂಟ ಕಪ್ಪು ಗೆರೆ. ಕಿಡಿ ಒಳಗೆ ಹೋಗದೆ ಆ ದಾರಿಯಲ್ಲೇ ಸೋರಿ ಹೋಗ್ತಿತ್ತು. ಪ್ಲಗ್ ಹಳೇವಾಗಿದ್ದರಿಂದ ನಾಲ್ಕೂ ಹೊಸದು ಹಾಕಿದೆ. ಕಾಯಿಲ್ ಸೆಟ್ಟಿನ ದುಡ್ಡಿಗೆ ಹೋಲಿಸಿದರೆ ಅದು ಏನೂ ಅಲ್ಲ.

2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಮಾಡಿಸೋ ಹಕ್ಕಿಗಾಗಿ ಒಂದು ಪೋರ್ಟಲ್ ತೆರೆಯಿತು, ವಾಹನಗಳೂ ಅದರಲ್ಲಿವೆ. ಒಳ್ಳೇದೇ. ಆದರೆ ಹಕ್ಕಿದ್ದರೂ ವಿದ್ಯೆ ಇಲ್ಲದಿದ್ದರೆ ಕೋಡ್ ಹೇಳಿದ್ದಕ್ಕೆಲ್ಲ ದುಡ್ಡು ಕೊಡಬೇಕಾಗುತ್ತೆ. ನಮ್ಮ ಮನೆಯಲ್ಲಿ ಆ ವಿದ್ಯೆ ಇರೋದು ಎಪ್ಪತ್ತು ದಾಟಿದ ಒಬ್ಬರ ಹತ್ತಿರ. ಅವರು ಅದನ್ನು ಎಲ್ಲೂ ಬರೆದಿಟ್ಟಿಲ್ಲ, ನಾನು ಇಷ್ಟು ವರ್ಷ ಕೇಳಿರಲೂ ಇಲ್ಲ. ನಿಮ್ಮನೆಯಲ್ಲೂ ಇಂಥವರಿದ್ದರೆ ಮುಂದಿನ ಸಲ ಬಾನೆಟ್ ಎತ್ತುವಾಗ ಪಕ್ಕಕ್ಕೆ ಕರೆದು ನಿಲ್ಲಿಸಿಕೊಳ್ಳಿ.