ಉತ್ತರ ಬೆಂಗಳೂರಿನ ಗೋಡೆಗಳು, ಭಾಗ 4: ಮಣ್ಣಿನ ಇಟ್ಟಿಗೆಯಿಂದ ಕಂಪ್ಯೂಟರಿನ ಮನೆಯವರೆಗೆ

ಪುಟ್ಟೇನಹಳ್ಳಿ ಅಂದರೆ ಜೆ.ಪಿ. ನಗರದ್ದಲ್ಲ, ನಮ್ಮ ಯಲಹಂಕದ್ದು, ಹಕ್ಕಿಗಳ ಕೆರೆ ಇರೋದು. ಇಲ್ಲಿ ಈಗ ಏಳ್ತಿರೋ ಮನೆಗಳನ್ನ ನೋಡಿ. ಸಿಮೆಂಟ್ ಬ್ಲಾಕು, ಆರ್‌ಸಿಸಿ ಛಾವಣಿ, ಪಶ್ಚಿಮಕ್ಕೇ ಮುಖ ಮಾಡಿದ ಗಾಜು. ಏಪ್ರಿಲ್ ತಿಂಗಳಲ್ಲಿ ಮೇಲಿನ ಮಹಡಿಯವರು ರಾತ್ರಿ ಹತ್ತಾದರೂ ಫ್ಯಾನ್ ಕೆಳಗಿಂದ ಏಳಲ್ಲ. ಈ ಸೆಕೆ ಎಲ್ಲಿಂದ ಬಂತು, ಎಷ್ಟು ಬಂತು ಅಂತ ಅಳೆಯೋ ಕೆಲಸ ನಮಗೆ ತುಂಬಾ ದೂರದಲ್ಲೇನೂ ನಡೆದಿಲ್ಲ. ಯಶವಂತಪುರದ ಪಕ್ಕ, ಹಳಬರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯೋ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿದೆ.

1974ರಲ್ಲಿ ಅಲ್ಲಿ ಎ.ಕೆ.ಎನ್. ರೆಡ್ಡಿ ‘ಅಸ್ತ್ರ’ ಅನ್ನೋ ವಿಭಾಗ ಶುರು ಮಾಡಿದರು. ಅವರು ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ದೊಡ್ಡ ಹೆಸರು. ಆದರೆ ಪ್ರಯೋಗಾಲಯದ ವಿಜ್ಞಾನ ಹಳ್ಳಿಗೆ ಹೋಗಬೇಕು ಅನ್ನೋ ಹಟ ಹಿಡಿದವರು. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಇವರ ಕೇಂದ್ರ ಇತ್ತು. ನಿಮ್ಮ ಅಜ್ಜಿ ಮನೆಯಲ್ಲಿ ‘ಅಸ್ತ್ರ ಒಲೆ’ ಇದ್ದಿದ್ದರೆ, ಅದೂ ಇವರದ್ದೇ.

ಇದೇ ಗುಂಪಿನಲ್ಲಿ ಸಿವಿಲ್ ಎಂಜಿನಿಯರ್ ಕೆ.ಎಸ್. ಜಗದೀಶ್ ಅವರು ಮಣ್ಣಿನ ಇಟ್ಟಿಗೆಗೆ ಕೈ ಹಾಕಿದರು. ನಮ್ಮ ಕೆಂಪು ಮಣ್ಣಿಗೆ ಮರಳು, ನೂರಕ್ಕೆ ಆರೇಳು ಪಾಲು ಸಿಮೆಂಟು, ಹದವಾಗಿ ನೀರು. ಕೈಯಿಂದ ಎಳೆಯೋ ಪ್ರೆಸ್ಸಿನಲ್ಲಿ ಒತ್ತಿ, ನೆರಳಲ್ಲಿ ಜೋಡಿಸಿ, ಮೂರ್ನಾಲ್ಕು ವಾರ ನೀರು ಚಿಮುಕಿಸಬೇಕು. ಸುಡೋದೇ ಇಲ್ಲ. ಗೂಡು ಬೇಡ, ಸೌದೆ ಬೇಡ. ಮಣ್ಣಿನ ಮನೆ ಅಂದರೆ ಬಡವರ ಮನೆ ಅನ್ನೋ ಮಾತನ್ನ ಒಡೆಯೋದು ಮಾತ್ರ ಆ ಪ್ರೆಸ್ಸಿನ ಕೈಲಿ ಆಗಲಿಲ್ಲ. ಹಳ್ಳಿಯವರು ಸಿಮೆಂಟಿನ ಕಡೆ ಹೋದರು, ಮಣ್ಣಿನ ಇಟ್ಟಿಗೆ ಹುಡುಕಿಕೊಂಡು ಬಂದವರಲ್ಲಿ ಪೇಟೆಯ ಅನುಕೂಲಸ್ಥರೂ ಇದ್ದರು! ನನಗೆ ಇದು ಸ್ವಲ್ಪ ತಮಾಷೆಯಾಗಿಯೂ ಕಾಣುತ್ತೆ, ಬೇಜಾರಾಗಿಯೂ.

2003ರಲ್ಲಿ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಒಂದು ಲೆಕ್ಕ ಪ್ರಕಟಿಸಿದರು. ಒಂದು ಗೋಡೆ ಎದ್ದು ನಿಲ್ಲೋ ಹೊತ್ತಿಗೆ ಎಷ್ಟು ಸೌದೆ, ಕಲ್ಲಿದ್ದಲು, ಡೀಸೆಲ್, ಕರೆಂಟ್ ಖರ್ಚಾಗಿರುತ್ತೆ ಅನ್ನೋ ಲೆಕ್ಕ. ಒಂದು ಕಿಲೋ ಸಿಮೆಂಟಿಗೆ 5.85 ಮೆಗಾಜೂಲ್, ಒಂದು ಕಿಲೋ ಉಕ್ಕಿಗೆ 42, ಅಲ್ಯೂಮಿನಿಯಮ್‌ಗೆ 236.8. ಸುಟ್ಟ ಇಟ್ಟಿಗೆಯ ಗೋಡೆಗೆ ಒಂದು ಘನ ಮೀಟರಿಗೆ 2141 ಮೆಗಾಜೂಲ್. ನಿಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 3.6 ಮೆಗಾಜೂಲ್. ಅಂದರೆ ಒಂದು ಘನ ಮೀಟರ್ ಗೋಡೆ ಕಟ್ಟೋಕೆ ಹತ್ತಿರ ಹತ್ತಿರ 600 ಯೂನಿಟ್‌ನಷ್ಟು ಶಕ್ತಿ. ಒತ್ತಿದ ಮಣ್ಣಿನ ಇಟ್ಟಿಗೆಯ ಗೋಡೆಗೆ ಸುಮಾರು ಅದರ ಮೂರನೇ ಒಂದು ಪಾಲು ಸಾಕು.

ಇದು ಕಟ್ಟೋವಾಗಿನ ಖರ್ಚು. ಕಟ್ಟಿದ ಮೇಲೆ ಒಳಗೆ ಬದುಕೋರ ಸೆಕೆಯ ಕಥೆ ಬೇರೆ, ಅಲ್ಲಿಗೇ ಕಂಪ್ಯೂಟರ್ ಬಂದಿದ್ದು.

ಬೆಂಗಳೂರಿಗೆ ಹತ್ತಿರದ ಸುಗ್ಗನಹಳ್ಳಿಯ ಹಳೇ ಮನೆಯೊಂದನ್ನ ಇದೇ ಸಂಸ್ಥೆಯ ಸಂಶೋಧಕರು ಆರಿಸಿಕೊಂಡರು. ಆ ಊರಿನ ಹಳೇ ಪದ್ಧತಿ ಕಾಡುಗಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಮೊದಲು ಮನೆಯ ತಾಪಮಾನವನ್ನ ಅಲ್ಲೇ ಅಳೆದರು. ಆಮೇಲೆ ಅದೇ ಮನೆಯನ್ನ ಕಂಪ್ಯೂಟರಿನೊಳಗೆ ಕಟ್ಟಿದರು. ಗೋಡೆಯ ದಪ್ಪ, ಅದು ಶಾಖವನ್ನ ಎಷ್ಟು ಬೇಗ ದಾಟಿಸುತ್ತೆ, ಎಷ್ಟು ಹಿಡಿದಿಟ್ಟುಕೊಳ್ಳುತ್ತೆ, ಹೊರಗಿನ ಹವೆ, ಎಲ್ಲಾ ತುಂಬಿಸಬೇಕು. ಪರದೆ ಮೇಲಿನ ಮನೆ ನಿಜವಾದ ಮನೆಯ ಹಾಗೇ ಕಾಯುತ್ತಾ, ತಣಿಯುತ್ತಾ ಅಂತ ತಾಳೆ ನೋಡಬೇಕು. ತಾಳೆ ಆದಮೇಲೇ ಗೋಡೆಯನ್ನ ಬದಲಾಯಿಸಿ ನೋಡೋದು. ಕಲ್ಲಿನ ಬದಲು ಇಟ್ಟಿಗೆ ಹಾಕಿದರೆ? ಮನೆಯನ್ನ ಬೇರೆ ಹವಾಮಾನದ ಊರಲ್ಲಿ ಇಟ್ಟರೆ? ನಿಜವಾದ ಮನೆ ಒಡೆದು ಯಾರೂ ಇದನ್ನ ಪರೀಕ್ಷೆ ಮಾಡೋಕಾಗಲ್ಲ. ಹೊಸ ಸಾಮಗ್ರಿ ಬಂದಷ್ಟೂ ಕಟ್ಟೋ ಶಕ್ತಿ ಬಹಳ ಏರುತ್ತೆ ಅಂತ ಪ್ರಸೀದಾ, ಮೊಂಟೊ ಮಣಿ, ವೆಂಕಟರಾಮ ರೆಡ್ಡಿ 2014ರಲ್ಲಿ ಬರೆದರು.

ಆ ಬರಹದಲ್ಲಿ ಇನ್ನೊಂದು ವಿಷಯ ಇದೆ, ನನಗೆ ಮುಖ್ಯ ಅನ್ನಿಸೋದು ಅದೇ. ‘ಆರಾಮ’ ಅಂದರೆ ಎಷ್ಟು ಡಿಗ್ರಿ? ಕಂಪ್ಯೂಟರಿಗೆ ಅದು ಗೊತ್ತಿಲ್ಲ, ನಾವೇ ಹೇಳಬೇಕು. ಇವರು ಎರಡು ಅಳತೆ ಇಟ್ಟು ನೋಡಿದರು. ಒಂದು ಅಮೆರಿಕದ ಎಸಿ ಎಂಜಿನಿಯರುಗಳ ಸಂಘ ಆಶ್ರೇಯದ್ದು. ಇನ್ನೊಂದು 1986ರಲ್ಲಿ ಶರ್ಮ ಮತ್ತು ಅಲಿ ನಮ್ಮ ದೇಶದ ಹವೆಗೆ ಅಂತ ಕೊಟ್ಟ ‘ಟ್ರಾಪಿಕಲ್ ಸಮ್ಮರ್ ಇಂಡೆಕ್ಸ್’. ಅದರ ಪ್ರಕಾರ 25ರಿಂದ 30 ಡಿಗ್ರಿವರೆಗೂ ನಮಗೆ ಹಿತ. ಗೋಡೆ ಅದೇ, ಬಿಸಿಲು ಅದೇ. ಆದರೂ ಯಾವ ಅಳತೆ ಹಾಕ್ತೀರೋ ಅದರ ಮೇಲೆ ಮನೆಗೆ ‘ಬೇಕಾದ’ ಕರೆಂಟಿನ ಲೆಕ್ಕ ಬದಲಾಗುತ್ತೆ. ಕಿಟಕಿ ತೆಗೆದು ಮಲಗೋರ ಮನೆಯನ್ನ ಎಸಿ ಆಫೀಸಿನವರ ಅಳತೆಯಲ್ಲಿ ತೂಗಿದರೆ, ಹಳೇ ಮನೆ ಫೇಲ್ ಆದ ಹಾಗೆ ಕಾಣಬಹುದು.

ನಮ್ಮ ಕಡೆ ಫ್ಲ್ಯಾಟ್ ನೋಡೋಕೆ ಹೋದಾಗ ‘ಸಿಮ್ಯುಲೇಶನ್ ಮಾಡಿಸಿದ್ದೀವಿ ಸಾರ್, ಪೂರಾ ಗ್ರೀನ್’ ಅಂದರೆ, ಬಣ್ಣಬಣ್ಣದ ಚಿತ್ರ ನೋಡಿ ಸುಮ್ಮನಾಗಬೇಡಿ. ಹಿತ ಅಂತ ಎಷ್ಟು ಡಿಗ್ರಿ ಇಟ್ಟಿದ್ರಿ, ಕಿಟಕಿ ಮುಚ್ಚಿ ಲೆಕ್ಕ ಹಾಕಿದ್ರಾ ತೆಗೆದು ಹಾಕಿದ್ರಾ, ಕಟ್ಟಿದ ಮೇಲೆ ಅಳೆದು ತಾಳೆ ನೋಡಿದ್ರಾ, ಈ ಮೂರನ್ನ ಕೇಳಿ.

ಮುಂದಿನ ಭಾಗದಲ್ಲಿ ಕಲ್ಲು ಚಪ್ಪಡಿಯ ಛಾವಣಿ. ನಿಮ್ಮ ಮನೆಯಲ್ಲಿ ಇನ್ನೂ ಉಳಿದಿದ್ದರೆ ಫೋಟೋ ಕಳಿಸಿ.