ಹತ್ತು ಪದ, ಒಂದು ತಿದ್ದುಪಡಿ

1825ರಲ್ಲಿ ಮದ್ರಾಸಿನಲ್ಲಿ ಅಚ್ಚಾದ ‘ಕಾಲಸಂಕಲಿತ’ ಎಂಬ ಇಂಗ್ಲಿಷ್ ಗ್ರಂಥ ದಕ್ಷಿಣ ಭಾರತದ ಪಂಚಾಂಗ ಗಣಿತವನ್ನು ವಿವರಿಸುತ್ತದೆ. ಬರೆದವನು ಜಾನ್ ವಾರನ್. 1802ರಲ್ಲಿ ಮೈಸೂರು ಸೀಮೆಯ ಸರ್ವೆಗೆ ಬಂದಿದ್ದಾಗ ಕೋಲಾರದ ಉರಿಗಾಂ, ಮಾರಿಕುಪ್ಪಂ ಕಡೆಯ ಮಣ್ಣಿನಲ್ಲಿ ಚಿನ್ನ ಹುಡುಕಿದವನೆಂದು ಕನ್ನಡಿಗರಿಗೆ ಅವನ ಹೆಸರು ಗೊತ್ತು. ಆಮೇಲೆ ನುಂಗಂಬಾಕ್ಕಂನ ಮದ್ರಾಸ್ ವೀಕ್ಷಣಾಲಯವನ್ನೂ ಕೆಲವು ವರ್ಷ ನೋಡಿಕೊಂಡ. ಪುದುಚೇರಿಯ ಒಬ್ಬ ಪಂಚಾಂಗದವರು ನೆಲದ ಮೇಲೆ ಚಿಪ್ಪುಗಳನ್ನಿಟ್ಟು, ಕೋಷ್ಟಕಗಳನ್ನೆಲ್ಲ ಬಾಯಿಪಾಠದಿಂದಲೇ ಹೇಳುತ್ತ, ಚಂದ್ರಗ್ರಹಣ ಲೆಕ್ಕ ಹಾಕಿದ್ದನ್ನು ಎದುರಿಗೆ ಕೂತು ನೋಡಿ ಬರೆದುಕೊಂಡವನು ಅವನು.

ಅದೇ ಪುಸ್ತಕದಲ್ಲಿ ಇನ್ನೊಂದು ಚರ್ಚೆಯಿದೆ. ವೃತ್ತದ ಪರಿಧಿಯನ್ನು ಕಂಡುಹಿಡಿಯುವ ಅನಂತ ಶ್ರೇಢಿಗಳು ಈ ದೇಶದ ಜ್ಯೋತಿಷಿಗಳಿಗೆ ತಿಳಿದಿದ್ದವು. ಅವು ಅವರದೇ ಸ್ವಂತವೋ, ಯುರೋಪಿನವರಿಂದ ಕಲಿತದ್ದೋ? ಜಾರ್ಜ್ ಹೈನ್ ಎಂಬ ಅಧಿಕಾರಿಗೆ ಅವು ಯುರೋಪಿನಿಂದಲೇ ಬಂದವೆಂಬ ನಂಬಿಕೆ. ವಾರನ್ ಕೂಡ ಅದಕ್ಕೇ ಒಲಿದ. ಮಲಬಾರಿನಲ್ಲಿ ಕೆಲಸ ಮಾಡಿದ್ದ ಚಾರ್ಲ್ಸ್ ವಿಷ್ ಮಾತ್ರ ತಾಳೆಗರಿಗಳನ್ನು ಬಿಡಲಿಲ್ಲ. ತಂತ್ರಸಂಗ್ರಹ, ಯುಕ್ತಿಭಾಷಾ, ಕರಣಪದ್ಧತಿ, ಸದ್ರತ್ನಮಾಲಾ ಎಂಬ ನಾಲ್ಕು ಕೇರಳ ಗ್ರಂಥಗಳಲ್ಲಿ ಈ ಶ್ರೇಢಿಗಳಿವೆ ಎಂದು ತೋರಿಸಿದ ಅವನ ಲೇಖನವನ್ನು 1832ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯಲ್ಲಿ ಓದಲಾಯಿತು. ಮರುವರ್ಷವೇ ವಿಷ್ ತೀರಿಕೊಂಡ.

ಚೆನ್ನೈನ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತ ಬಂದವಳು ನಾನು. ತಮಿಳು ಮಕ್ಕಳಿಗೆ ಅಭಿಸರಣ ಕಲಿಸುವಾಗ ಮೊದಲು ಬರೆಸುತ್ತಿದ್ದದ್ದು ಆ ಕೇರಳ ಪರಂಪರೆಯ ಗಣಿತಜ್ಞ ಮಾಧವನ ಶ್ರೇಢಿಯನ್ನೇ: 1 − 1/3 + 1/5 − 1/7, ಹೀಗೆ ಮುಂದಕ್ಕೆ. ಪದ ಕೂಡಿಸಿ ಕಳೆಯುತ್ತ ಹೋದಂತೆ ಮೊತ್ತ ಪೈಯ ಕಾಲುಭಾಗಕ್ಕೆ ಹತ್ತಿರ ಬರುತ್ತದೆ. ಆದರೆ ಅದರ ನಡಿಗೆ ಬಹಳ ನಿಧಾನ. ಹತ್ತು ಪದ ಮುಗಿಸಿ ನಾಲ್ಕರಿಂದ ಗುಣಿಸಿದರೂ ಸಿಗುವುದು 3.0418. ಮಕ್ಕಳ ಮುಖ ಸಪ್ಪಗಾಗುತ್ತಿತ್ತು.

ಆಗ ಹಲಗೆಯ ಮೇಲೆ ಹಳೆಯ ಕೇರಳ ನಿಯಮ ಬರೆಯುತ್ತಿದ್ದೆ. ಕೊನೆಯ ಛೇದ 19. ಅದರ ಮುಂದಿನ ಸಮಸಂಖ್ಯೆ 20, ಅದರ ಅರ್ಧ 10. ವರ್ಗ ಮಾಡಿ ಒಂದು ಕೂಡಿಸಿದರೆ 101. ಅದನ್ನು ನಾಲ್ಕರಿಂದ ಗುಣಿಸಿ ಒಂದು ಕೂಡಿಸಿದರೆ 405, ಆ ಅರ್ಧದಿಂದ ಗುಣಿಸಿದರೆ 4050. ನಿಲ್ಲಿಸಿದ ಜಾಗದಲ್ಲಿ 101/4050 ಸೇರಿಸಿ, ಆಮೇಲೆ ನಾಲ್ಕರಿಂದ ಗುಣಿಸಿ. ಪೈಯ ಬೆಲೆ 3.1415927 ಎಂದು ಬರುತ್ತದೆ, ಏಳು ದಶಾಂಶ ಸ್ಥಾನಗಳವರೆಗೂ ಸರಿ! ಈ ಕೇರಳದವರು ಮೊತ್ತ ಎಲ್ಲಿಗೆ ಹೋಗುತ್ತದೆಂದು ತಿಳಿದಷ್ಟಕ್ಕೆ ಸುಮ್ಮನಾಗಲಿಲ್ಲ. ನಡುವೆ ನಿಂತರೆ ಇನ್ನೆಷ್ಟು ಉಳಿಯುತ್ತದೆಂದೂ ಅಳೆದಿದ್ದರು. ಅದಕ್ಕೆಲ್ಲ ಯುಕ್ತಿ ಏನೆಂದು ಯುಕ್ತಿಭಾಷಾದ ಕರ್ತೃ ಜ್ಯೇಷ್ಠದೇವ ಹದಿನಾರನೆಯ ಶತಮಾನದಲ್ಲಿ ಮಲಯಾಳಂ ಗದ್ಯದಲ್ಲಿ ಬಿಡಿಸಿ ಬರೆದಿಟ್ಟಿದ್ದ.

ವಿಷ್ ಹೋದ ಮೇಲೆ ಈ ವಿಷಯ ನೂರು ವರ್ಷ ತಣ್ಣಗಾಯಿತು. ಅದೇ ಮದ್ರಾಸಿನಲ್ಲಿ 1912ರ ಮಾರ್ಚಿನಿಂದ ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾಗಿದ್ದ ರಾಮಾನುಜನ್ ಅನಂತ ಶ್ರೇಢಿಗಳಲ್ಲೇ ಮುಳುಗಿದ್ದರು. ಎಲ್ಲಿಗೂ ಮುಟ್ಟದೆ ಬೆಳೆಯುವ 1 + 2 + 3 + 4 + … ಎಂಬ ಮೊತ್ತಕ್ಕೂ ತಮ್ಮ ರೀತಿಯಲ್ಲಿ −1/12 ಎಂಬ ಬೆಲೆ ಕೊಟ್ಟು 1913ರಲ್ಲಿ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ಬರೆದರು. ಅವರನ್ನು ಬೆಳೆಸಿದ್ದು ಕಾರ್ ಎಂಬ ಇಂಗ್ಲೆಂಡಿನವನ ಸೂತ್ರಸಂಗ್ರಹ. ಅವರಿಗೂ ಮಾಧವನ ಪರಂಪರೆಗೂ ನಡುವೆ ಇದ್ದದ್ದು ಕೆಲವೇ ಜಿಲ್ಲೆಗಳ ದೂರ, ಆದರೂ ಆ ಪರಂಪರೆಯನ್ನು ಅವರ ಕೈಗಿಡುವವರು ಇರಲಿಲ್ಲ. ಇದನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಎಳೆಗಳು ಸೇರಿದ್ದು ಇನ್ನೂ ಒಂದು ತಲೆಮಾರು ಕಳೆದ ಮೇಲೆ. ರಾಮಾನುಜನ್ ಇಂಗ್ಲೆಂಡಿನಲ್ಲಿದ್ದ ಕಾಲಕ್ಕೇ ಕೇಂಬ್ರಿಜ್‌ನಲ್ಲಿ ಓದಿದ ಕೆ. ಆನಂದ ರಾವ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಮೇಷ್ಟರಾಗಿ ಬಂದರು. ಶ್ರೇಢಿಗಳ ಸಿದ್ಧಾಂತ ಅವರ ವಿಶೇಷ ಪರಿಶ್ರಮ. ಟ್ರಿಪ್ಲಿಕೇನಿನಲ್ಲಿ 1903ರಲ್ಲಿ ಹುಟ್ಟಿದ ಸಿ. ಟಿ. ರಾಜಗೋಪಾಲ್, ಆನಂದ ರಾವ್ ಅವರ ಶಿಷ್ಯರು. ರಾಜಗೋಪಾಲ್ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳಿ, ಮುಂದೆ ರಾಮಾನುಜನ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರೂ ಆದರು. ಯಾವ ಶ್ರೇಢಿ ಮುಟ್ಟುತ್ತದೆ, ಯಾವುದು ಮುಟ್ಟುವುದಿಲ್ಲ ಎಂಬುದೇ ಅವರ ಸಂಶೋಧನೆ. ಕೆ. ಮುಕುಂದ ಮಾರಾರ್ ಅವರ ಜೊತೆಗೂಡಿ 1944ರಲ್ಲಿ ಅವರು ಕೇರಳದ ವೃತ್ತಗಣಿತದ ಮೇಲೆ ಪ್ರಕಟಿಸಿದ ಲೇಖನ ಆ ತಾಳೆಗರಿಗಳ ಯುಕ್ತಿಗಳನ್ನು ಇಂದಿನ ಗಣಿತದ ಮುಂದಿಟ್ಟಿತು. 1978ರಲ್ಲಿ ರಾಜಗೋಪಾಲ್ ಕಣ್ಮುಚ್ಚುವವರೆಗೂ ಈ ಕೆಲಸ ನಡೆದೇ ಇತ್ತು. ಇವತ್ತು ಮಾಧವನ ಹೆಸರು ಪಠ್ಯಪುಸ್ತಕದಲ್ಲಿದ್ದರೆ ಅದರಲ್ಲಿ ಇವರ ಪಾಲು ದೊಡ್ಡದು.

ಜನ ಒಂದೇ ಊರಿನಲ್ಲಿ ಸೇರಿದರೆ ಜ್ಞಾನವೂ ತಾನಾಗಿ ಒಂದಾಗುತ್ತದೆಂದು ಭಾಷಣಗಳಲ್ಲಿ ಕೇಳುತ್ತೇವೆ. ಗಣಿತ ಹಾಗೆ ಹೇಳುವುದಿಲ್ಲ. 1 + 1/2 + 1/3 + 1/4 ಎಂದು ಕೂಡಿಸುತ್ತ ಹೋಗಿ. ಪದಗಳು ಸೊನ್ನೆಯತ್ತ ಕುಗ್ಗುತ್ತವೆ, ಆದರೂ ಮೊತ್ತ ಮಿತಿಯಿಲ್ಲದೆ ಬೆಳೆಯುತ್ತದೆ. ಹೆಜ್ಜೆ ಚಿಕ್ಕದಾದ ಮಾತ್ರಕ್ಕೆ ಊರು ಮುಟ್ಟುವುದಿಲ್ಲ. ಮದ್ರಾಸಿನಲ್ಲೂ ಬಂದರು, ಮುದ್ರಣಾಲಯ, ವೀಕ್ಷಣಾಲಯ, ಹಸ್ತಪ್ರತಿ ಭಂಡಾರ ಎಲ್ಲ ಅಕ್ಕಪಕ್ಕದಲ್ಲೇ ಇದ್ದವು. ಅವುಗಳ ನಡುವೆ ಉಳಿದಿದ್ದ ಅಂತರ ಮುಚ್ಚಿದ್ದು ಹಳೆಯ ಗ್ರಂಥ, ಹೊಸ ಗಣಿತ ಎರಡನ್ನೂ ಬಲ್ಲವರು ಕೂತು ದುಡಿದಾಗ.

ಕನ್ನಡಕ್ಕೂ ಇಂಥ ದುಡಿಮೆ ಬೇಕು. ಹನ್ನೆರಡನೆಯ ಶತಮಾನದ ರಾಜಾದಿತ್ಯನ ‘ವ್ಯವಹಾರಗಣಿತ’ವನ್ನು ಸಂಪಾದಿಸಿಕೊಟ್ಟವರು ಮದ್ರಾಸ್ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿದ್ದ ಎಂ. ಮರಿಯಪ್ಪ ಭಟ್ಟರು. ಹಳಗನ್ನಡ ಬಲ್ಲ ಪಂಡಿತರು ತಮ್ಮ ಪಾಲಿನ ಕೆಲಸ ಮಾಡಿದ್ದಾರೆ. ಇನ್ನು ಗಣಿತ ಬಲ್ಲವರ ಸರದಿ. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿದ ಕನ್ನಡದ ಮಕ್ಕಳಿಗೆ ನನ್ನದೊಂದೇ ಕೋರಿಕೆ: ಹಳಗನ್ನಡ ಕಲಿಯಿರಿ, ರಾಜಾದಿತ್ಯನ ಒಂದೊಂದು ಲೆಕ್ಕವನ್ನೂ ಕೈಯಾರೆ ಬಿಡಿಸಿ ನೋಡಿ, ಅವನ ದಾರಿ ಯಾವುದೆಂದು ಎಲ್ಲರಿಗೂ ತಿಳಿಯುವಂತೆ ಬರೆಯಿರಿ.